ಎತ್ತಬೇಕಾದ್ದು ಗಾಲಿಯನ್ನು

ಎತ್ತರ ಹೆಚ್ಚಿಸಿ ‘ಲಿಫ್ಟ್’ ಮಾಡಿಸಿದ ಮಹೀಂದ್ರಾ ಥಾರ್‌ನಲ್ಲಿ ಸ್ಪ್ರಿಂಗ್ ಬದಲಾಗಿರುತ್ತದೆ, ಶಾಕ್ ಅಬ್ಸಾರ್ಬರ್ ಬದಲಾಗಿರುತ್ತದೆ, ಟೈರು ದೊಡ್ಡದಾಗಿರುತ್ತದೆ, ಮುಂದಿನ ಬಂಪರ್ ಹೋಗಿ ಆ ಜಾಗದಲ್ಲಿ ಕಬ್ಬಿಣದ ಬಂಪರ್ ಮತ್ತು ವಿಂಚ್ ಬಂದು ಕೂತಿರುತ್ತವೆ. ಹಳೆಯದೇ ಉಳಿಯುವುದು ಕಂಪನಿ ಕೊಟ್ಟ ಜಾಕ್ ಒಂದೇ. ಮಾಂದಲಪಟ್ಟಿಯ ಏರಿನಲ್ಲೋ ಸಕಲೇಶಪುರದ ತೋಟದ ದಾರಿಯಲ್ಲೋ ಕಲ್ಲಿನ ಮೊನೆ ತಾಗಿ ಟೈರಿನ ಪಕ್ಕೆ ಹರಿದಾಗ ಅದು ಮೊದಲ ಬಾರಿಗೆ ಹೊರಬರುತ್ತದೆ. ಪೂರ್ತಿ ತಿರುಗಿಸಿದರೂ ಗಾಲಿ ನೆಲ ಬಿಡುವುದಿಲ್ಲ. ಆಗ ಜೊತೆಯಲ್ಲಿದ್ದವರೊಬ್ಬರು ‘ಕೆಳಗೊಂದು ಕಲ್ಲು ಕೊಡೋ’ ಎನ್ನುತ್ತಾರೆ. ಅಪಾಯ ಶುರುವಾಗುವುದು ಆ ಕಲ್ಲಿನಿಂದ.

ಪಂಚರ್ ಆದಾಗ ನಾವು ಎತ್ತಬೇಕಿರುವುದು ಒಂದು ಗಾಲಿಯನ್ನು, ಇಡೀ ಗಾಡಿಯನ್ನಲ್ಲ. ಮಾಮೂಲಿ ಕಾರಿನಲ್ಲಿ ಈ ವ್ಯತ್ಯಾಸ ದೊಡ್ಡದಾಗಿ ಕಾಣುವುದಿಲ್ಲ. ಬಾಗಿಲ ಕೆಳಗಿನ ಅಂಚಿಗೆ ಜಾಕ್ ಕೊಟ್ಟು ನಾಲ್ಕು ಸುತ್ತು ಹೆಚ್ಚು ತಿರುಗಿಸಿದರೆ ಕೆಲಸ ಆಗಿಬಿಡುತ್ತದೆ. ಲಿಫ್ಟ್ ಆದ ಗಾಡಿಯಲ್ಲಿ ಹಾಗಲ್ಲ. ಅಲ್ಲಿ ಜಾಕ್ ಎಲ್ಲಿಗೆ ತಾಗುತ್ತದೆ ಎಂಬುದರ ಮೇಲೆ ಉಳಿದ ಎಲ್ಲವೂ ನಿಂತಿದೆ.

ಗಾಡಿ ಎರಡು ರೀತಿಯಲ್ಲಿ ಎತ್ತರವಾಗುತ್ತದೆ. ಟೈರು ದೊಡ್ಡದಾದರೆ ಆಕ್ಸಲ್ ಸಮೇತ ಎಲ್ಲವೂ ಮೇಲೇಳುತ್ತದೆ. ಸ್ಪ್ರಿಂಗ್ ಉದ್ದವಾದರೆ ಆಕ್ಸಲ್ ಇದ್ದಲ್ಲೇ ಇದ್ದು ಚಾಸಿ ಮತ್ತು ಬಾಡಿ ಮಾತ್ರ ಮೇಲೆ ಹೋಗುತ್ತವೆ. 2020ರಲ್ಲಿ ಬಂದ ಹೊಸ ಥಾರ್‌ನ 18 ಇಂಚಿನ ರಿಮ್ಮಿಗೆ ಕಂಪನಿ ಕೊಡುವ 255/65 ಅಳತೆಯ ಟೈರಿನ ವ್ಯಾಸ ಸುಮಾರು 79 ಸೆಂ.ಮೀ. ಅದನ್ನು ತೆಗೆದು 33 ಇಂಚಿನ, ಅಂದರೆ ಸುಮಾರು 84 ಸೆಂ.ಮೀ. ವ್ಯಾಸದ ಟೈರು ಹಾಕಿಸಿದರೆ ಆಕ್ಸಲ್ ಏರುವುದು ವ್ಯತ್ಯಾಸದ ಅರ್ಧದಷ್ಟು, ಎರಡೂವರೆ ಸೆಂ.ಮೀ. ಜೊತೆಗೆ 2 ಇಂಚಿನ ಸ್ಪ್ರಿಂಗ್ ಕಿಟ್ ಹಾಕಿಸಿದರೆ ಚಾಸಿ ಇನ್ನೂ ಐದು ಸೆಂ.ಮೀ. ಮೇಲೆ. ಆಕ್ಸಲ್ ಹಳೆಯ ಜಾಗಕ್ಕಿಂತ ಎರಡೂವರೆ ಸೆಂ.ಮೀ. ಮೇಲಿದ್ದರೆ ಚಾಸಿ ಏಳೂವರೆ ಸೆಂ.ಮೀ. ಮೇಲಿದೆ. ಹಳೆಯ ಜಾಕ್‌ಗೆ ಆಕ್ಸಲ್ ಇನ್ನೂ ಹೆಚ್ಚುಕಡಿಮೆ ಕೈಗೆಟುಕುವ ದೂರದಲ್ಲಿದೆ, ಚಾಸಿ ಕೈ ತಪ್ಪಿ ಹೋಗಿದೆ.

(ಇಂಥ ಬದಲಾವಣೆಗಳಿಗೆ ಕಾನೂನಿನ ಒಪ್ಪಿಗೆ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಲಿಫ್ಟ್ ಮಾಡಿಸುವ ಮೊದಲು ಅದನ್ನು ಓದಿಕೊಳ್ಳುವುದು ಒಳ್ಳೆಯದು. ಇಲ್ಲಿ ಮಾತಾಡುತ್ತಿರುವುದು ಈಗಾಗಲೇ ಎತ್ತರವಾಗಿರುವ ಗಾಡಿಯ ಕೆಳಗೆ ಕೈ ಹಾಕುವವರ ಬಗ್ಗೆ.)

ಎತ್ತರದ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಚಾಸಿಗೆ ಜಾಕ್ ಕೊಟ್ಟು ಎತ್ತತೊಡಗಿದಾಗ ಮೊದಲು ಆಗುವುದು ಸ್ಪ್ರಿಂಗ್ ಹಿಗ್ಗುವುದು. ಬಾಡಿ ಮೇಲೇರುತ್ತಿರುತ್ತದೆ, ಗಾಲಿ ನೆಲದಲ್ಲೇ ಕೂತಿರುತ್ತದೆ. ಶಾಕ್ ಅಬ್ಸಾರ್ಬರ್ ತನ್ನ ಪೂರ್ತಿ ಉದ್ದಕ್ಕೆ ಬಂದು ಇನ್ನು ಹಿಗ್ಗಲಾರೆ ಎಂದಮೇಲಷ್ಟೇ ಗಾಲಿ ಏಳುವುದು. ಹತ್ತು, ಹದಿನೈದು ಸೆಂ.ಮೀ. ಎತ್ತಿದ ಶ್ರಮ ಇದರಲ್ಲೇ ಹೋಗುತ್ತದೆ. ಕಲ್ಲುದಾರಿಯಲ್ಲಿ ಗಾಲಿ ಕೆಳಗಿಳಿದು ನೆಲ ಹಿಡಿಯಲಿ ಎಂದೇ ಲಿಫ್ಟ್ ಕಿಟ್‌ಗಳಲ್ಲಿ ಉದ್ದನೆಯ ಶಾಕ್ ಕೊಡುತ್ತಾರೆ. ಜಾಕ್ ಹಾಕುವಾಗ ಅದೇ ಗುಣ ನಮ್ಮ ವಿರುದ್ಧ ಕೆಲಸ ಮಾಡುತ್ತದೆ. ಆಕ್ಸಲ್‌ಗೇ ಜಾಕ್ ಕೊಟ್ಟರೆ ಈ ವ್ಯರ್ಥ ಏರಿಕೆ ಇಲ್ಲವೇ ಇಲ್ಲ. ಆಕ್ಸಲ್ ಒಂದು ಸೆಂ.ಮೀ. ಎದ್ದರೆ ಗಾಲಿಯೂ ಎದ್ದಿತು.

ಎತ್ತರ ಹೆಚ್ಚಾದರೆ ನಷ್ಟವೇನು, ನಿಧಾನವಾಗಿ ಎತ್ತಿದರಾಯಿತು ಎಂದು ಅನ್ನಿಸಬಹುದು. ನಷ್ಟವಿರುವುದು ಪಕ್ಕಕ್ಕೆ ಆಗುವ ಚಲನೆಯಲ್ಲಿ. ಒಂದು ಬದಿಯನ್ನು ಎತ್ತಿದಾಗ ಗಾಡಿ ನೇರವಾಗಿ ಮೇಲೆ ಹೋಗುವುದಿಲ್ಲ. ಎದುರು ಬದಿಯ ಗಾಲಿಗಳನ್ನು ಕೀಲಾಗಿ ಮಾಡಿಕೊಂಡು ಬಾಗಿಲು ತಿರುಗಿದಂತೆ ತಿರುಗುತ್ತದೆ. ಜಾಕ್ ತಾಗಿರುವ ಬಿಂದು ಮೇಲೇರುತ್ತಲೇ ಒಳಗೂ ಸರಿಯುತ್ತದೆ. ಸಮಮಟ್ಟದಲ್ಲಿ ನಿಂತ ಗಾಡಿಗೆ ಲೆಕ್ಕ ಹಾಕಿ ನೋಡೋಣ: ಚಾಸಿಯ ಅಂಚು ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದೆ, ಎದುರು ಬದಿಯ ಗಾಲಿ 140 ಸೆಂ.ಮೀ. ದೂರದಲ್ಲಿದೆ, ಗಾಲಿ ಬಿಚ್ಚಲು ಚಾಸಿಯನ್ನು 20 ಸೆಂ.ಮೀ. ಎತ್ತಬೇಕಾಗಿದೆ. ಅಷ್ಟು ಎತ್ತಿದಾಗ ಜಾಕ್‌ನ ತಲೆ ಎಂಟು ಸೆಂ.ಮೀ.ನಷ್ಟು ಒಳಕ್ಕೆ ಎಳೆಯಲ್ಪಟ್ಟಿರುತ್ತದೆ. ತಳ ಮಾತ್ರ ಇಟ್ಟಲ್ಲೇ ಇದೆ. ಅಂದರೆ ನೇರವಾಗಿ ನಿಲ್ಲಿಸಿದ ಜಾಕ್ ಈಗ ವಾಲಿ ನಿಂತು ಅರ್ಧ ಟನ್ನಿಗಿಂತ ಹೆಚ್ಚಿನ ಭಾರ ಹೊತ್ತಿದೆ. ಅದೇ ಕೆಲಸಕ್ಕೆ ಆಕ್ಸಲ್‌ಗೆ ಜಾಕ್ ಕೊಟ್ಟು ಐದು ಸೆಂ.ಮೀ. ಎತ್ತಿದರೆ ಪಕ್ಕಕ್ಕೆ ಸರಿಯುವುದು ಸುಮಾರು ಒಂದು ಸೆಂ.ಮೀ. ಟೈರು ಪೂರ್ತಿ ಕೂತು ಗಾಡಿ ಮೊದಲೇ ವಾಲಿದ್ದರೆ ಎರಡೂ ಅಂಕಿಗಳು ದೊಡ್ಡವಾಗುತ್ತವೆ, ಅವುಗಳ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಗ್ಯಾರೇಜಿನ ಟ್ರಾಲಿ ಜಾಕ್‌ಗೆ ಚಕ್ರ ಇರುವುದು ಬರೀ ತಳ್ಳಿಕೊಂಡು ಹೋಗಲಿಕ್ಕಲ್ಲ; ಎತ್ತುವಾಗ ಅದು ಗಾಡಿಯ ಜೊತೆ ತಾನೂ ಒಳಗೆ ಉರುಳಿ ನೆಟ್ಟಗೆ ನಿಲ್ಲುತ್ತದೆ. ಮಣ್ಣಿನಲ್ಲಿ ಆ ಚಕ್ರಗಳು ಹೂತುಹೋಗುವುದರಿಂದ ಕಾಡುದಾರಿಗೆ ಅದು ಹೇಳಿಸಿದ್ದಲ್ಲ.

ಆಕ್ಸಲ್‌ಗೆ ಎಂದರೆ ಎಲ್ಲಿಗೆ? ಹಳೆಯ ಮಹೀಂದ್ರಾ ಜೀಪು, ಜಿಪ್ಸಿ, ಜಿಮ್ನಿ ಇವುಗಳಿಗೆ ಮುಂದೆ ಹಿಂದೆ ಎರಡೂ ಕಡೆ ಗಾಲಿಯಿಂದ ಗಾಲಿಗೆ ಇಡೀ ಆಕ್ಸಲ್ ಇರುತ್ತದೆ. ಬಿಚ್ಚಬೇಕಾದ ಗಾಲಿಗೆ ಆದಷ್ಟು ಹತ್ತಿರ, ಕಮಾನು ಪಟ್ಟಿ ಅಥವಾ ಕಾಯಿಲ್ ಸ್ಪ್ರಿಂಗ್ ಕೂರುವ ಜಾಗದ ಪಕ್ಕದಲ್ಲಿ, ದುಂಡನೆಯ ಕೊಳವೆಯ ಕೆಳಗೆ ಜಾಕ್ ಬರಬೇಕು. ನಡುವಿನ ಗುಂಡನೆಯ ಡಿಫರೆನ್ಷಿಯಲ್ ಕೆಳಗೆ ಕೊಟ್ಟರೆ ಗಾಡಿ ಒಂದೇ ಬಿಂದುವಿನ ಮೇಲೆ ತೂಗಾಡುತ್ತದೆ. ಬ್ರೇಕ್ ಪೈಪು, ಸ್ಟಿಯರಿಂಗ್ ರಾಡ್, ಶಾಕ್‌ನ ಬುಡ ಇವಕ್ಕೆ ತಾಗದಂತೆ ಬಗ್ಗಿ ನೋಡಿಕೊಳ್ಳಿ. ಬಾಟಲ್ ಜಾಕ್‌ನ ತಲೆ ಸಪಾಟಾಗಿದ್ದರೆ ದುಂಡು ಕೊಳವೆ ಜಾರುತ್ತದೆ. ತಲೆಯ ಮೇಲೆ ಕೂರುವ, ನಡುವೆ ಹಳ್ಳವಿರುವ ಕಬ್ಬಿಣದ ತುಂಡೊಂದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಟ್ಟುಕೊಳ್ಳುವುದು ಚಿಕ್ಕ ಖರ್ಚು, ದೊಡ್ಡ ಉಪಕಾರ.

ಥಾರ್‌ನ ಮುಂಭಾಗ ಬೇರೆ. ಅಲ್ಲಿ ಇಡೀ ಆಕ್ಸಲ್ ಇಲ್ಲ, ಪ್ರತಿ ಗಾಲಿಗೂ ಮೇಲೊಂದು ಕೆಳಗೊಂದು ತೋಳು. ಕೆಳಗಿನ ಲೋಯರ್ ಆರ್ಮ್‌ನ ಹೊರತುದಿಗೆ, ಗಾಲಿಯ ಹತ್ತಿರ ಜಾಕ್ ಕೊಟ್ಟರೆ ಆಕ್ಸಲ್‌ನ ಲಾಭವೇ ಸಿಗುತ್ತದೆ. ಆದರೆ ಲಿಫ್ಟ್ ಆದ ಗಾಡಿಯಲ್ಲಿ ಈ ತೋಳು ಮೊದಲಿಗಿಂತ ಇಳಿಜಾರಾಗಿ ನಿಂತಿರುತ್ತದೆ, ಇಳಿಜಾರಿನಲ್ಲಿ ಜಾಕ್‌ನ ತಲೆ ಸರಿಯುತ್ತದೆ. ತೋಳಿನಲ್ಲಿ ಸಪಾಟಾದ, ಗಟ್ಟಿಯಾದ ಜಾಗ ಸಿಗದಿದ್ದರೆ ಕೈಪಿಡಿ ತೋರಿಸುವ ಚಾಸಿಯ ಬಿಂದುವೇ ಗತಿ. ಚಾಸಿಯಿಂದ ಎತ್ತುವುದು ಅನಿವಾರ್ಯವಾದಾಗ ಅನುಭವಿಗಳು ಮಾಡುವ ಒಂದು ಕೆಲಸವಿದೆ: ಎತ್ತುವ ಮೊದಲೇ ಆ ಬದಿಯ ಆಕ್ಸಲನ್ನೋ ತೋಳನ್ನೋ ಚಾಸಿಗೆ ಸೇರಿಸಿ ಗಟ್ಟಿ ರ‍್ಯಾಚೆಟ್ ಬೆಲ್ಟಿನಿಂದ ಬಿಗಿಯುವುದು. ಲಾರಿಯವರು ಸರಕು ಕಟ್ಟುತ್ತಾರಲ್ಲ, ಅಂಥದೇ ಬೆಲ್ಟು. ಆಗ ಸ್ಪ್ರಿಂಗ್ ಹಿಗ್ಗಲಾರದು, ಚಾಸಿ ಎದ್ದಷ್ಟೂ ಗಾಲಿ ಏಳುತ್ತದೆ. ಬಿಚ್ಚುವುದು ಗಾಡಿ ಕೆಳಗಿಳಿದ ಮೇಲೆ ಮಾತ್ರ.

ಇನ್ನು ಜಾಕ್‌ಗಳು. ಸಾಮಾನ್ಯ ಬಾಟಲ್ ಜಾಕ್ ಕುಗ್ಗಿದಾಗ 20 ಸೆಂ.ಮೀ. ಆಸುಪಾಸು, ತಲೆಯ ಸ್ಕ್ರೂ ಸಮೇತ ಪೂರ್ತಿ ಎದ್ದಾಗ 38ರ ಆಸುಪಾಸು ಇರುತ್ತದೆ. 33 ಇಂಚಿನ ಟೈರಿಗೆ ಈ ಎರಡು ಅಂಕಿ ತೀರಾ ಬಿಗಿ. ಟೈರು ಪೂರ್ತಿ ಕೂತಾಗ ಆಕ್ಸಲ್ ಕೊಳವೆಯ ತಳ ನೆಲದಿಂದ 21–22 ಸೆಂ.ಮೀ.ಗೆ ಇಳಿದಿರುತ್ತದೆ, ಹಲಗೆಯ ಮೇಲೆ ಜಾಕ್ ಇಟ್ಟರೆ ಒಳಗೆ ನುಗ್ಗುವುದೇ ಇಲ್ಲ. ಗಾಳಿ ತುಂಬಿದ ಸ್ಟೆಪ್ನಿ ಕೂರಬೇಕಾದರೆ ಅದೇ ತಳ 38 ದಾಟಬೇಕು. ಮೊದಲ ತೊಡಕಿಗೆ ಉಪಾಯ ಸುಲಭ: ಕೂತ ಟೈರನ್ನು ಒಂದು ದಪ್ಪ ಹಲಗೆಯ ಮೇಲೆ ನಿಧಾನವಾಗಿ ಹತ್ತಿಸಿ ನಿಲ್ಲಿಸಿ, ಆಮೇಲೆ ಜಾಕ್ ಕೊಡಿ. ಎರಡನೆಯದಕ್ಕೆ ಒಂದರೊಳಗೊಂದು ಎರಡು ಕೊಳವೆ ಏಳುವ ಜಾಕ್ ಕೊಳ್ಳುವುದು ಸರಿಯಾದ ದಾರಿ. ಕೊನೆಯ ಎರಡು ಮೂರು ಸೆಂ.ಮೀ.ಗೆ ಎತ್ತುವುದನ್ನು ನಿಲ್ಲಿಸಿ, ಗಾಲಿಯ ಕೆಳಗಿನ ಮಣ್ಣನ್ನು ಹೊರಬದಿಯಿಂದ ಕೆರೆದು ತೆಗೆಯಲೂಬಹುದು. ಜಾಕ್‌ನ ಹಲಗೆಯ ಕಡೆಯ ಮಣ್ಣು ಮುಟ್ಟಬಾರದು. ತೋಟದ ದಾರಿಯಲ್ಲಿ ಇದು ಕಲ್ಲಿನ ಮೇಲೆ ಕಲ್ಲಿಡುವುದಕ್ಕಿಂತ ಎಷ್ಟೋ ಮೇಲು, ಮತ್ತು ಯಾರೂ ಇದನ್ನು ಮೊದಲು ಯೋಚಿಸುವುದಿಲ್ಲ.

ಆಫ್‌ರೋಡ್ ಗಾಡಿಗಳ ಬಾನೆಟ್ ಪಕ್ಕದಲ್ಲೋ ಹಿಂಬಾಗಿಲಿಗೋ ಬಿಗಿದಿರುವ ಉದ್ದನೆಯ, ತೂತುತೂತಿನ ಕಂಬದ ಹೈ-ಲಿಫ್ಟ್ ಜಾಕ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಎಂಬ ಊರಿನ ಕಂಪನಿ 1905ರಿಂದ ಇದನ್ನು ಮಾಡುತ್ತಿದೆ; ಹೊಲದ ಕೆಲಸಕ್ಕೆ ಹುಟ್ಟಿದ ಸಲಕರಣೆ, ಅದಕ್ಕೇ ಫಾರ್ಮ್ ಜಾಕ್ ಎಂಬ ಹೆಸರೂ ಇದೆ. ನಾಲ್ಕು ಅಡಿ ಎತ್ತರದ್ದು, ಸುಮಾರು 2,100 ಕೆ.ಜಿ. ಎತ್ತಬಲ್ಲದು ಎಂಬ ಕಾರಣಕ್ಕೆ ಲಿಫ್ಟ್ ಆದ ಗಾಡಿಗೆ ಇದೇ ತಕ್ಕ ಜಾಕ್ ಎಂಬ ನಂಬಿಕೆ ಗಟ್ಟಿಯಾಗಿದೆ. ನಾನು ಒಪ್ಪುವುದಿಲ್ಲ. ಅದರ ತಳ ಅಂಗೈ ಅಗಲದ್ದು, ಕಂಬ ಸಪೂರ, ಎತ್ತುವುದು ಬಂಪರ್ ಅಥವಾ ಬಾಗಿಲ ಕೆಳಗಿನ ಅಂಚನ್ನು ಕಾಯುವ ರಾಕ್ ಸ್ಲೈಡರ್‌ನಿಂದ. ಅಂದರೆ ಚಾಸಿಯಿಂದ ಎತ್ತುವುದರ ಎಲ್ಲ ತೊಂದರೆಗಳೂ ಇಲ್ಲಿ ಪೂರ್ಣ ರೂಪದಲ್ಲಿವೆ. ಪಕ್ಕಕ್ಕೆ ವಾಲಿದರೆ ಅದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಕಂಪನಿಯ ಪ್ಲಾಸ್ಟಿಕ್ ಬಂಪರ್‌ಗೆ ಅದನ್ನು ಕೊಡುವಂತೆಯೇ ಇಲ್ಲ.

ಈ ಜಾಕ್‌ನಿಂದ ಹೆಚ್ಚು ಜನ ಪೆಟ್ಟು ತಿನ್ನುವುದು ಇಳಿಸುವಾಗ. ದಿಕ್ಕು ಬದಲಿಸುವ ಕೀಲು ತಿರುಗಿಸಿ ಇಳಿಸತೊಡಗಿದಾಗ ಪ್ರತಿ ಹೆಜ್ಜೆಯಲ್ಲೂ ಗಾಡಿಯ ಭಾರ ಹಿಡಿಕೆಯನ್ನು ಮೇಲಕ್ಕೆ ತಳ್ಳುತ್ತದೆ. ಕೈ ಜಾರಿದರೆ ಹಿಡಿಕೆ ತಾನೇ ಮೇಲೆ ಕೆಳಗೆ ಬಡಿಯತೊಡಗುತ್ತದೆ, ದವಡೆಯೋ ಮೊಣಕೈಯೋ ಅದರ ದಾರಿಯಲ್ಲಿದ್ದರೆ ಮುರಿಯುತ್ತದೆ. ಭಾರ ತೀರಾ ಕಡಿಮೆಯಾದರೂ, ಸುಮಾರು 68 ಕೆ.ಜಿ.ಗಿಂತ ಕೆಳಗೆ ಹೋದರೆ, ಅದು ಹೆಜ್ಜೆ ಹೆಜ್ಜೆಯಾಗಿ ಇಳಿಯದೆ ಒಮ್ಮೆಗೇ ಜಾರಿಬಿಡುತ್ತದೆ. ಬಳಸಲೇಬೇಕಾದರೆ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಮುಖವನ್ನು ಹಿಡಿಕೆಯ ದಾರಿಯಿಂದ ಪಕ್ಕಕ್ಕಿಟ್ಟು ಪಂಪ್ ಮಾಡಿ. ಕೈ ಬಿಡುವ ಮೊದಲು ಹಿಡಿಕೆಯನ್ನು ಕಂಬಕ್ಕೆ ಒತ್ತಿ ನೆಟ್ಟಗೆ ನಿಲ್ಲಿಸಿ. ಬಾಡಿಯನ್ನಲ್ಲದೆ ನೇರ ಗಾಲಿಯ ರಿಮ್ಮನ್ನೇ ಹಿಡಿದೆತ್ತುವ ಕೊಕ್ಕೆ ಇದಕ್ಕೆ ಸಿಗುತ್ತದೆ; ಕೆಸರಿನಲ್ಲಿ ಹೂತ ಗಾಲಿಯನ್ನು ಎತ್ತಿ ಕೆಳಗೆ ಕಲ್ಲು, ಸೊಪ್ಪು ತುಂಬಲು ಅದು ನಿಜಕ್ಕೂ ಒಳ್ಳೆಯ ಸಾಧನ. ಗಾಲಿ ಬಿಚ್ಚುವ ಕೆಲಸಕ್ಕೆ ಅದು ಆಗದು. ಮಳೆಗಾಲದಲ್ಲಿ ಹೊರಗೆ ಕಟ್ಟಿಟ್ಟ ಈ ಜಾಕ್‌ನ ಪಿನ್ನುಗಳಲ್ಲಿ ಕೆಸರು, ತುಕ್ಕು ಸೇರಿ ಅವು ಅರ್ಧಕ್ಕೇ ಸಿಕ್ಕಿಕೊಳ್ಳುತ್ತವೆ, ಹಾಗಾಗಿ ಹೊರಡುವ ಮೊದಲು ತೊಳೆದು ತೆಳು ಎಣ್ಣೆ ಬಿಡಬೇಕು.

ಈಗ ಕಲ್ಲಿನ ವಿಷಯಕ್ಕೆ ಬರೋಣ. ಮಲೆನಾಡು, ಕರಾವಳಿಯಲ್ಲಿ ಕೈಗೆ ಸಿಗುವುದು ಜಂಬಿಟ್ಟಿಗೆ. ನೆನೆದ ಜಂಬಿಟ್ಟಿಗೆ ಮೆತ್ತಗಾಗುತ್ತದೆ, ಭಾರ ಒಂದು ಬಿಂದುವಿನಲ್ಲಿ ಬಿದ್ದರೆ ಒಡೆಯುತ್ತದೆ. ಇಟ್ಟಿಗೆಯೂ ಅಷ್ಟೇ. ಎಲ್ಲಕ್ಕಿಂತ ಕೆಟ್ಟದ್ದು ಸಿಮೆಂಟಿನ ಟೊಳ್ಳು ಬ್ಲಾಕ್. ಅದು ಬಿರುಕು ಬಿಟ್ಟು ಸೂಚನೆ ಕೊಡುವುದಿಲ್ಲ, ನಿಂತಿರುವಂತೆಯೇ ಕುಸಿಯುತ್ತದೆ. ಮರ ಹಾಗಲ್ಲ. ಸೋಲುವ ಮೊದಲು ನಲುಗುತ್ತದೆ, ಸದ್ದು ಮಾಡುತ್ತದೆ, ನಮಗೆ ಹಿಂದೆ ಸರಿಯಲು ಸಮಯ ಕೊಡುತ್ತದೆ. ಒಂದೇ ಎಳೆಯ ಹಲಗೆ ಉದ್ದಕ್ಕೆ ಸೀಳಬಹುದು, ಆದ್ದರಿಂದ ಎರಡು ಹಲಗೆಗಳನ್ನು ಒಂದಕ್ಕೊಂದು ಅಡ್ಡ ಎಳೆ ಬರುವಂತೆ ಸೇರಿಸಿ ಸ್ಕ್ರೂ ಹಾಕಿಸಿ. ದಪ್ಪ ಪ್ಲೈವುಡ್ ಆದರೂ ಸರಿ.

ಹಲಗೆ ಎತ್ತರಕ್ಕಷ್ಟೇ ಅಲ್ಲ, ನೆಲಕ್ಕಾಗಿಯೂ ಬೇಕು. ಸಾಮಾನು ತುಂಬಿದ ಥಾರ್‌ನ ಒಂದು ಮೂಲೆಯಲ್ಲಿ ಸುಮಾರು 500 ಕೆ.ಜಿ. ಭಾರ ಎಂದಿಟ್ಟುಕೊಳ್ಳಿ. ಬಾಟಲ್ ಜಾಕ್‌ನ ತಳ 10 ಸೆಂ.ಮೀ. ಚೌಕವಾದರೆ ಪ್ರತಿ ಚದರ ಸೆಂ.ಮೀ. ನೆಲಕ್ಕೆ 5 ಕೆ.ಜಿ. ಬೀಳುತ್ತದೆ. ಅದೇ ಗಾಡಿಯ ಟೈರು 30 ಪಿಎಸ್‌ಐ ಗಾಳಿಯಲ್ಲಿ ನೆಲವನ್ನು ಒತ್ತುವುದು ಸುಮಾರು 2 ಕೆ.ಜಿ.ಯಷ್ಟು. ಟೈರೇ ಹೂತ ನೆಲದಲ್ಲಿ ಅದರ ಎರಡು ಪಟ್ಟಿಗೂ ಮೀರಿ ಒತ್ತುವ ಜಾಕ್ ನಿಲ್ಲುವುದಾದರೂ ಹೇಗೆ? 30 ಸೆಂ.ಮೀ. ಚೌಕದ ಹಲಗೆ ಕೊಟ್ಟರೆ ಈ ಒತ್ತಡ ಅರ್ಧ ಕೆ.ಜಿ.ಗೆ ಇಳಿಯುತ್ತದೆ. ಎಕ್ಸಾಸ್ಟ್ ಹೊಗೆಯಿಂದ ಉಬ್ಬುವ ಚೀಲದ ಜಾಕ್ ಮರಳಿನಲ್ಲಿ, ಕೆಸರಿನಲ್ಲಿ ಚೆನ್ನಾಗಿ ನಿಲ್ಲುವುದೂ ಇದೇ ಅಗಲದಿಂದ. ಆದರೆ ಅದರ ಮೇಲೆ ಗಾಡಿ ಓಲಾಡುವುದರಿಂದ ಗಾಲಿ ಬಿಚ್ಚುವ ಕೆಲಸಕ್ಕೆ ನಂಬಬಾರದು.

ಗಾಡಿ ಉರುಳದಂತೆ ನಿಲ್ಲಿಸುವುದರಲ್ಲಿ ಒಂದು ಅಡಗಿದ ಮೋಸವಿದೆ. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ, ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಗಾಲಿಯನ್ನಲ್ಲ, ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು. ನಾಲ್ಕೂ ಗಾಲಿ ನೆಲದಲ್ಲಿರುವಾಗ ಅದು ಬಂಡೆಯಂತೆ ಗಟ್ಟಿ. ಹಿಂದಿನ ಒಂದು ಗಾಲಿ ನೆಲ ಬಿಟ್ಟ ಕ್ಷಣದಲ್ಲಿ ಡಿಫರೆನ್ಷಿಯಲ್ ತನ್ನ ಕೆಲಸ ಮಾಡುತ್ತದೆ: ಶಾಫ್ಟ್ ನಿಂತಿದ್ದರೂ ಎತ್ತಿದ ಗಾಲಿ ಒಂದು ಕಡೆಗೆ, ನೆಲದ ಗಾಲಿ ಇನ್ನೊಂದು ಕಡೆಗೆ ಸಲೀಸಾಗಿ ತಿರುಗುತ್ತವೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಉರುಳುತ್ತದೆ. ಗೇರಿನಲ್ಲಿ ನಿಲ್ಲಿಸುವುದು, ಆಟೋಮ್ಯಾಟಿಕ್ ಗಾಡಿಯನ್ನು ‘ಪಿ’ಯಲ್ಲಿ ನಿಲ್ಲಿಸುವುದು ಇವೂ ಶಾಫ್ಟನ್ನೇ ಹಿಡಿಯುವುದರಿಂದ ಅವಕ್ಕೂ ಇದೇ ಮಾತು. ಥಾರ್‌ನಂಥ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಎರಡೂ ಗಾಲಿಯ ಡ್ರಮ್ಮಿನಲ್ಲೇ ಇದೆ, ಹಾಗಾಗಿ ಒಂದು ಗಾಲಿ ಎದ್ದರೂ ಇನ್ನೊಂದು ಹಿಡಿದಿರುತ್ತದೆ. ಹಿಂದಿನ ಎರಡೂ ಎದ್ದರೆ ಅದೂ ಇಲ್ಲ.

ಫೋರ್‌ವ್ಹೀಲ್ ಲೋ ಹಾಕಿ ಗೇರಿನಲ್ಲಿ ನಿಲ್ಲಿಸಿದರೆ ಎತ್ತದ ಇನ್ನೊಂದು ಆಕ್ಸಲ್‌ನ ಎರಡು ಗಾಲಿಗಳೂ ಹಿಡಿತ ಕೊಡುತ್ತವೆ. ಗೇರ್‌ಬಾಕ್ಸಿನಿಂದ ಶಾಫ್ಟ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಗೇರು ಇದ್ದೂ ಇಲ್ಲದಂತೆ. ಇಷ್ಟೆಲ್ಲ ಮಾಡಿದ ಮೇಲೂ ಎತ್ತುವ ಗಾಲಿಯಿಂದ ಓರೆಯಾಗಿ ಎದುರಿರುವ ಗಾಲಿಗೆ ಮುಂದೆ ಹಿಂದೆ ಎರಡೂ ಕಡೆ ಕಲ್ಲು ಕೊಡಲೇಬೇಕು. ಇಳಿಜಾರಿದ್ದರೆ ಇಳುಕಲಿನ ಬದಿಗೆ ಉಳಿದ ಗಾಲಿಗಳಿಗೂ ಕೊಡಿ. ಗಾಲಿ ಬಿಚ್ಚುವಾಗ ಕಲ್ಲಿಗೆ ಗಾಡಿಯ ಹತ್ತಿರ ಯೋಗ್ಯವಾದ ಜಾಗ ಇದೊಂದೇ. ಒಳಗಿರುವವರು ಇಳಿಯಬೇಕು, ನಿದ್ದೆ ಮಾಡುತ್ತಿರುವ ಮಗುವನ್ನೂ ಎಬ್ಬಿಸಿ ಇಳಿಸಬೇಕು. ಇಳುಕಲಿನ ಬದಿಯಲ್ಲಿ ಯಾರೂ ನಿಲ್ಲಬಾರದು.

ಜಾಕ್ ಇರುವುದು ಎತ್ತಲಿಕ್ಕೆ. ಹೊತ್ತು ನಿಲ್ಲಲಿಕ್ಕೆ ಸ್ಟ್ಯಾಂಡ್ ಬೇಕು. ಬಾಟಲ್ ಜಾಕ್‌ನೊಳಗೆ ಅಷ್ಟೂ ಭಾರವನ್ನು ತಡೆದಿರುವುದು ರಬ್ಬರಿನ ಒಂದು ಸೀಲ್, ಅದು ಯಾವಾಗ ಬಿಡುತ್ತದೆಂದು ಹೇಳಿ ಬಿಡುವುದಿಲ್ಲ. ಆಕ್ಸಲ್ ಎದ್ದ ಕೂಡಲೇ ಪಕ್ಕದಲ್ಲಿ ಸ್ಟ್ಯಾಂಡ್ ಇಟ್ಟು ಭಾರವನ್ನು ಅದರ ಮೇಲೆ ಕೂರಿಸಿ. ಸ್ಟ್ಯಾಂಡ್ ಕೂಡ ಕೊನೆಯ ಮಾತಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತಾನು ಮಾರಿದ 3 ಟನ್, 6 ಟನ್ ಸ್ಟ್ಯಾಂಡ್‌ಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ವಾಪಸ್ ಕರೆಯಬೇಕಾಯಿತು. ಹಲ್ಲು ಸರಿಯಾಗಿ ಕಚ್ಚಿಕೊಳ್ಳದೆ ಭಾರ ಇದ್ದಾಗಲೇ ಕುಸಿಯುವ ಸಂಭವವಿತ್ತು. ಬದಲಿಗೆ ಕೊಟ್ಟ ಸ್ಟ್ಯಾಂಡ್‌ಗಳಲ್ಲಿ ಕೆಲವಕ್ಕೆ ವೆಲ್ಡಿಂಗ್ ದೋಷ ಕಂಡು ಅವನ್ನೂ ಹಿಂಪಡೆಯಿತು. ಹಲ್ಲಿನ ಸ್ಟ್ಯಾಂಡಿಗಿಂತ ದಪ್ಪ ಪಿನ್ ತೂರಿಸುವ ಸ್ಟ್ಯಾಂಡ್ ನನಗೆ ಹೆಚ್ಚು ನೆಮ್ಮದಿ ಕೊಡುತ್ತದೆ. ಬಿಚ್ಚಿದ ಗಾಲಿಯನ್ನು ಚಾಸಿಯ ಕೆಳಗೆ ಮಲಗಿಸಿಡುವ ಹಳೆಯ ಅಭ್ಯಾಸ ಒಳ್ಳೆಯದೇ, ಆದರೆ ಲಿಫ್ಟ್ ಆದ ಗಾಡಿಯಲ್ಲಿ ಮಲಗಿದ ಗಾಲಿಗೂ ಚಾಸಿಗೂ ನಡುವೆ ಒಂದು ಗೇಣು ಖಾಲಿ ಉಳಿಯುತ್ತದೆ. ಒಬ್ಬ ಮನುಷ್ಯನ ಎದೆ ನಲುಗಲು ಆ ಗೇಣು ಸಾಕು. ಗಾಲಿಯ ಮೇಲೆ ಮರದ ದಿಮ್ಮಿ ಪೇರಿಸಿ ಆ ಜಾಗ ತುಂಬಬೇಕು. ಇಷ್ಟಾದರೂ ಕಾಡುದಾರಿಯಲ್ಲಿ ಎತ್ತಿದ ಗಾಡಿಯ ಕೆಳಗೆ ತಲೆ, ಎದೆ ತೂರಿಸುವ ಕೆಲಸ ಯಾವುದೂ ಇಲ್ಲ. ಬಿದ್ದ ಸ್ಪ್ಯಾನರ್ ತೆಗೆಯಲು ಕೋಲು ಇದೆ.

ಉಳಿದದ್ದು ಬೇಗ ಹೇಳಿ ಮುಗಿಸಬಹುದು. ನಟ್‌ಗಳನ್ನು ಗಾಲಿ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ, ಎತ್ತಿದ ಮೇಲೆ ಸ್ಪ್ಯಾನರ್ ಮೇಲೆ ಕಾಲಿಟ್ಟು ತುಳಿಯುವುದು ಜಾಕ್ ಅನ್ನೇ ತಳ್ಳಿದಂತೆ. 33 ಇಂಚಿನ ಗಾಲಿ ರಿಮ್ ಸಮೇತ ಒಬ್ಬರ ಕೈಗೆ ಭಾರ; ಎತ್ತಿ ಹಿಡಿಯುವ ಬದಲು ಕೆಳಗೆ ಹಾರೆ ತೂರಿಸಿ ಮೀಟಿದರೆ ತಾನಾಗಿ ಸ್ಟಡ್‌ಗೆ ಕೂರುತ್ತದೆ. ಗಾಡಿ ಇಳಿದ ಮೇಲೆ ಎದುರುಬದುರು ಕ್ರಮದಲ್ಲಿ ಬಿಗಿದು, ಐವತ್ತು ನೂರು ಕಿ.ಮೀ. ಓಡಿದ ಬಳಿಕ ಇನ್ನೊಮ್ಮೆ ಬಿಗಿದು ನೋಡಿ.

ಲಿಫ್ಟ್ ಮಾಡಿಸಿದ ವಾರದಲ್ಲೇ ಮನೆಯಂಗಳದಲ್ಲಿ, ಹಗಲು ಹೊತ್ತಿನಲ್ಲಿ ಒಂದು ಪ್ರಯೋಗ ಮಾಡಬೇಕು. ಹಿಂದಿನ ಒಂದು ಟೈರಿನ ಗಾಳಿಯನ್ನು ಪೂರ್ತಿ ಬಿಟ್ಟು ಆಕ್ಸಲ್ ಕೊಳವೆಯ ತಳ ನೆಲದಿಂದ ಎಷ್ಟಿದೆ ಅಳೆಯಿರಿ. ಜಾಕ್ ಮತ್ತು ಹಲಗೆ ಸೇರಿ ಅದರೊಳಗೆ ಹೋಗಬೇಕು. ಆಮೇಲೆ ಎತ್ತಿ, ಗಾಳಿ ತುಂಬಿದ ಸ್ಟೆಪ್ನಿ ಹಾಕಿ, ಅದು ಸಲೀಸಾಗಿ ತಿರುಗುವ ಎತ್ತರದಲ್ಲಿ ಮತ್ತೆ ಅಳೆಯಿರಿ. ಮುಂದಿನ ಗಾಲಿಗೂ ಇದನ್ನೇ ಮಾಡಿ. ನಾಲ್ಕು ಅಂಕಿಯನ್ನೂ ಹಲಗೆಯ ಮೇಲೆಯೇ ಬಣ್ಣದಲ್ಲಿ ಬರೆದಿಡಿ. ಟೈರಿನ ಅಳತೆ ಬದಲಾದ ದಿನ ಅವನ್ನು ಅಳಿಸಿ ಹೊಸದಾಗಿ ಬರೆಯಬೇಕು.